ಜೋಡಿ ನಾಲ್ಕಿನ ಜರಡಿ

ಖಾವ್ ತೇಕ್ ಬೆಂಗ್ ಅವರಿಗೆ ಇಂಟರ್ನೆಟ್ ಎಂದರೆ ಏನೆಂದು ಗೊತ್ತಿರಲಿಲ್ಲ ಎಂದರೆ ತಪ್ಪಾಗುತ್ತದೆ. ಅದನ್ನೇ ಮಾರಿ ಅವರು ಮಲೇಷ್ಯಾದ ಪಿನಾಂಗ್ ದ್ವೀಪದಲ್ಲಿ ಮನೆ ಕಟ್ಟಿಸಿದ್ದರು, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ್ದರು. ಅವರ ಅಪ್ಪ ಜೆಟ್ಟಿಯ ಹತ್ತಿರ ಒಣಮೀನು ಮಾರುತ್ತಿದ್ದವರು. ಎರಡೂ ವ್ಯಾಪಾರದ ಸೂತ್ರ ಒಂದೇ ಎಂಬುದು ಮಗನ ನಂಬಿಕೆ: ಸಗಟಿನಲ್ಲಿ ಕೊಳ್ಳಬೇಕು, ಚಿಲ್ಲರೆಯಲ್ಲಿ ಮಾರಬೇಕು, ವಾಸನೆ ಬಂತೆಂದು ಗಿರಾಕಿ ಮೂಗು ಮುಚ್ಚಿಕೊಂಡರೆ ಪಕ್ಕದ ಅಂಗಡಿಯ ಕಡೆ ಬೆರಳು ತೋರಿಸಬೇಕು. ಕಂಪನಿಯಲ್ಲಿ ಎಲ್ಲರೂ ಅವರನ್ನು ತೌಕೆ ಎಂದೇ ಕರೆಯುತ್ತಿದ್ದರು. ಧಣಿಗೆ ಆ ಊರಿನಲ್ಲಿ ಅದೇ ಮಾತು.

ತೌಕೆಯ ಸರಕು ಯಾವ ದಾರಿಯಲ್ಲಿ ಬರಬೇಕು, ಯಾವ ದಾರಿಯಲ್ಲಿ ಹೋಗಬೇಕು ಎಂದು ನೋಡಿಕೊಳ್ಳುತ್ತಿದ್ದವಳು ಜುರೈದಾ. ಬಾಲಿಕ್ ಪುಲಾವ್ ಎಂಬ ಊರಿನವಳು, ನಲವತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ, ಸಿಟ್ಟು ಬಂದರೆ ಇನ್ನೂ ಕಡಿಮೆ. ಜಗತ್ತಿನ ಒಂದೊಂದು ನೆಟ್‌ವರ್ಕಿಗೂ ಒಂದೊಂದು ಸಂಖ್ಯೆ ಇರುತ್ತದೆ. ಅಕ್ಕಪಕ್ಕದ ನೆಟ್‌ವರ್ಕುಗಳು ದಿನವಿಡೀ ಒಂದಕ್ಕೊಂದು ಸಾರುತ್ತಲೇ ಇರುತ್ತವೆ: ಇಂಥ ಊರಿಗೆ ನನ್ನ ಮೂಲಕ ದಾರಿ ಇದೆ, ನಡುವೆ ಇಂತಿಂಥ ಸಂಖ್ಯೆಯವರು ಸಿಗುತ್ತಾರೆ ಎಂದು. ಸಾರಿದ್ದನ್ನು ಕೇಳಿದವರು ನಂಬುತ್ತಾರೆ. ಅಷ್ಟು ದೊಡ್ಡ ವ್ಯವಹಾರ ಅಷ್ಟು ಸಣ್ಣ ನಂಬಿಕೆಯ ಮೇಲೆ ನಡೆಯುತ್ತದೆ. ಸಿಕ್ಕಿದ್ದನ್ನೆಲ್ಲ ನಂಬದೆ ಇರುವುದೇ ಜುರೈದಾಳ ಉದ್ಯೋಗ.

ಅವಳಿಗೆ ಬಹಳ ದಿನದಿಂದ ಅನುಮಾನ ಇದ್ದದ್ದು ಆಚೆ ದಡದವರ ಮೇಲೆ. ದ್ವೀಪದ ಎದುರಿನ ಕಡಲ ಕಾಲುವೆಯ ಆಚೆ, ಬಟರ್‌ವರ್ತಿನಲ್ಲಿ, ಇವರಂಥದೇ ಇನ್ನೊಂದು ಕಂಪನಿ ಇತ್ತು. ಎರಡರ ನಡುವೆ ನೇರ ಕೇಬಲ್ಲು ಇತ್ತು. ಆ ಕಂಪನಿ ಏನನ್ನು ಸಾರಿದರೂ ಇವರ ಯಂತ್ರ ಬಾಗಿಲು ತೆರೆದು ಒಪ್ಪಿಕೊಳ್ಳುತ್ತಿತ್ತು. "ಅವರ ಸ್ವಂತ ದಾರಿಗಳನ್ನ ಮಾತ್ರ ತಗೊಳ್ಳೋಣ ತೌಕೆ, ಉಳಿದದ್ದಕ್ಕೆ ಒಂದು ಜರಡಿ ಹಿಡಿಯೋಣ" ಎಂದು ಜುರೈದಾ ಎರಡು ವರ್ಷದಿಂದ ಕೇಳುತ್ತಿದ್ದಳು.

"ಅಲ್ಲಿಯ ತೌಕೆ ನನ್ನ ಜೊತೆ ಚುಂಗ್ ಹುವಾ ಸ್ಕೂಲಲ್ಲಿ ಒಂದೇ ಬೆಂಚಲ್ಲಿ ಕೂತೋನು. ಅವನ ಮೇಲೆ ಜರಡಿ ಹಿಡಿ ಅಂತೀಯಲ್ಲ, ಅವನಿಗೆ ಗೊತ್ತಾದ್ರೆ ಏನಂದ್ಕೋತಾನೆ?" ಎಂದು ತೌಕೆ ಒಮ್ಮೆ ಹೇಳಿದರು. ಇನ್ನೊಮ್ಮೆ, "ಓಡ್ತಿರೋ ಗಾಡಿ ಬಾನೆಟ್ ಯಾಕಮ್ಮ ಎತ್ತೋದು?" ಎಂದರು. ಮೂರನೆಯ ಸಲ ಅವರು ತಮ್ಮ ಕೋಣೆಯ ಗಾಜಿನ ತೊಟ್ಟಿಯ ಕಡೆ ತಿರುಗಿದರು. ಮೀನಿಗೆ ಕಾಳು ಹಾಕಿದರು, ಹಾಕುತ್ತಲೇ ಇದ್ದರು.

ಆ ವರ್ಷ ಕಂಪನಿ ಮೇಲಿನ ಇನ್ನೊಂದು ಮಹಡಿಯನ್ನೂ ಬಾಡಿಗೆಗೆ ಹಿಡಿಯಿತು. ಹೊಸ ಜಾಗದ ವಾಸ್ತು ಲಕ್ಷಣ ನೋಡಲು ಆಯೆರ್ ಇತಾಮ್ ಪೇಟೆಯಿಂದ ಪಂಡಿತ ಫೂ ಬಂದರು, ಅಲ್ಲಿಯವರ ಬಾಯಲ್ಲಿ ಸಿನ್‌ಸೇ ಫೂ. ಊರಿನ ಅರ್ಧ ಕಟ್ಟಡಗಳ ಬಾಗಿಲು ಯಾವ ದಿಕ್ಕಿಗೆ ತೆರೆಯಬೇಕು ಎಂದು ಹೇಳಿದ ಮುದುಕರು. ಬಿಳಿ ಅಂಗಿ, ಬಗಲಲ್ಲಿ ಬಟ್ಟೆ ಸುತ್ತಿದ ದಿಕ್ಸೂಚಿ. ಮೀನಿನ ತೊಟ್ಟಿಯನ್ನು ಪೂರ್ವಕ್ಕೆ ಸರಿಸಿ ಎಂದರು. ಕೆಳಗೆ ಕಾರು ನಿಲ್ಲಿಸುವ ಜಾಗದ ನಂಬರು ನಲವತ್ತನಾಲ್ಕು, ಅದನ್ನು ಬದಲಾಯಿಸಿಕೊಳ್ಳಿ ಎಂದರು. ಅದೇನು ಹೊಸ ಮಾತಲ್ಲ. ನಾಲ್ಕು ಎಂದರೆ ಅವರ ಚೀನೀ ಮಾತಿನಲ್ಲಿ ಸಾವು ಎಂದಂತೆಯೇ ಕೇಳುತ್ತದೆ. ಆ ಕಟ್ಟಡದ ಲಿಫ್ಟಿನಲ್ಲೇ ಮೂರಾದ ಮೇಲೆ ಮೂರು-ಎ, ಆಮೇಲೆ ಐದು. ಸಿನ್‌ಸೇ ತಮ್ಮ ಕೆಲಸ ಮುಗಿಸಿ ಹೊರಟಿದ್ದರು. ಆದರೆ ತೌಕೆಗೆ ತಮ್ಮ ಯಂತ್ರಗಳ ಕೋಣೆಯನ್ನೂ ತೋರಿಸುವ ಉಮೇದು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಜಗತ್ತಿನ ದಾರಿಗಳೆಲ್ಲ ಸಂಖ್ಯೆಗಳ ಸರಪಳಿಯಾಗಿ ಹರಿಯುತ್ತಿದ್ದವು. ತೌಕೆ ಆ ಪರದೆಯನ್ನು ಎಷ್ಟೋ ವರ್ಷದಿಂದ ನೋಡುತ್ತಿದ್ದರು. ಓದಿದ್ದು ಮಾತ್ರ ಅಂದೇ ಮೊದಲು.

"ಜುರೈದಾ, ಬಾ ಇಲ್ಲಿ. ಇದೇನಮ್ಮ ಇದು?"

"ದಾರಿಗಳು ತೌಕೆ."

"ಅದು ಗೊತ್ತು. ಇಷ್ಟೊಂದು ನಾಲ್ಕು ಯಾಕಿದೆ ಅಂತ ಕೇಳಿದ್ದು."

"ಅದು ಅವರವರ ನಂಬರು. ಅವರಿಗೆ ಕೊಟ್ಟಿರೋದು."

"ಅವರಿಗೆ ಕೊಟ್ಟಿದ್ರೆ ಅವರ ಮನೇಲಿ ಇಟ್ಕೊಳ್ಲಿ. ನಮ್ಮ ಮನೆಯೊಳಗೆ ಯಾಕೆ ಬಂದಿದೆ? ತೆಗೆದುಬಿಡು."

ಜುರೈದಾ ಸಿನ್‌ಸೇಯ ಮುಖ ನೋಡಿದಳು. ಅವರು ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು.

"ನಾಲ್ಕು ಇರೋದನ್ನೆಲ್ಲ ತೆಗೆದ್ರೆ ಅರ್ಧಕ್ಕಿಂತ ಹೆಚ್ಚು ಪ್ರಪಂಚಾನೇ ಇರಲ್ಲ ತೌಕೆ."

ತೌಕೆ ಸ್ವಲ್ಪ ಯೋಚಿಸಿದರು. "ಅಮೆರಿಕ ಇರುತ್ತಾ?"

"ಅಲ್ಲೊಂದು ಚೂರು, ಇಲ್ಲೊಂದು ಚೂರು."

"ಹಾಗಾದ್ರೆ ಒಂಟಿ ನಾಲ್ಕು ಇರ್ಲಿ ಬಿಡು" ಎಂದು ತೌಕೆ ದೊಡ್ಡ ಮನಸ್ಸು ಮಾಡಿದರು. "ಜೋಡಿ ನಾಲ್ಕು ಮಾತ್ರ ಬೇಡ. ಒಂದು ಸಾವಾದ್ರೆ ಹೇಗೋ ತಡ್ಕೋಬಹುದು. ಎರಡು ಸಾವು ಒಂದೇ ಮನೇಲಿ ಆಗಬಾರ್ದು. ನಾಳೆ ಹೊತ್ತಿಗೆ ಮುಗಿಸು."

ಎರಡು ವರ್ಷ ಅವಳಿಗೆ ಸಿಗದ ಅನುಮತಿ ಎರಡು ನಿಮಿಷದಲ್ಲಿ ಸಿಕ್ಕಿತ್ತು. ಸಿಕ್ಕಿದ್ದು ಬೇರೆ ಕೆಲಸಕ್ಕೆ, ಅಷ್ಟೇ.

ಕೆಲಸವೇನೋ ಸುಲಭದ್ದು. ಯಂತ್ರದ ಪಾಲಿಗೆ ಆ ಸಂಖ್ಯೆಗಳು ಸಂಖ್ಯೆಗಳೇ ಅಲ್ಲ, ಬರೀ ಅಕ್ಷರಗಳ ಸಾಲು. ಎಂಥ ಸಾಲನ್ನು ಹಿಡಿಯಬೇಕು, ಎಂಥದನ್ನು ಬಿಡಬೇಕು ಎಂದು ಒಂದು ನಮೂನೆ ಬರೆದುಕೊಟ್ಟರೆ ಅದು ಜರಡಿಯ ಹಾಗೆ ಸೋಸುತ್ತದೆ. ಆ ನಮೂನೆಗೆ ಕಸುಬಿನವರು ರೆಜೆಕ್ಸ್ ಎನ್ನುತ್ತಾರೆ. ನಾಲ್ಕರ ಪಕ್ಕ ನಾಲ್ಕು ಎಲ್ಲಿ ಕಂಡರೂ, ಸಂಖ್ಯೆಯ ತಲೆಯಲ್ಲಿರಲಿ ಬಾಲದಲ್ಲಿರಲಿ, ಆ ಸರಪಳಿಯನ್ನೇ ಎತ್ತಿ ಎಸೆ ಎಂದು ಬರೆಯುವುದು ಒಂದೇ ಸಾಲಿನ ಕೆಲಸ. ಜುರೈದಾಳಿಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಸಂಖ್ಯೆಯನ್ನು ಅದರ ಬೆಲೆಯಿಂದ ಅಳೆಯದೆ ಮುಖ ನೋಡಿಯೇ ಆಚೆ ಅಟ್ಟುವುದರಲ್ಲಿ ತೌಕೆಯೂ ಈ ಯಂತ್ರವೂ ಒಂದೇ ಕುಲದವರು. ನಡುವೆ ಅನುವಾದಕ್ಕೆ ತಾನೊಬ್ಬಳು ಬೇಕಾಗಿತ್ತು.

ಜೋಡಿ ನಾಲ್ಕು ಇರುವ ದಾರಿಗಳನ್ನೆಲ್ಲ ಎಸೆದರೆ ಆ ಕಡೆಯ ಗಿರಾಕಿಗಳ ಗತಿ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವಳು ಜರಡಿಯ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ದಾರಿ ಗೊತ್ತಿಲ್ಲದ್ದನ್ನೆಲ್ಲ ನಮಗೆ ಸಗಟಿನಲ್ಲಿ ಮಾರುವ ಸಿಂಗಪುರದವರ ಕೈಗೆ ಕೊಟ್ಟುಬಿಡು, ಅವರು ಮುಟ್ಟಿಸುತ್ತಾರೆ. ಪರದೆಯ ಮೇಲೆ ಜೋಡಿ ನಾಲ್ಕು ಕಾಣುವುದಿಲ್ಲ, ಸರಕು ನಿಲ್ಲುವುದೂ ಇಲ್ಲ. ಈ ಸಾಲಿನ ವಿಷಯವನ್ನು ತೌಕೆಗೆ ಹೇಳಲಿಲ್ಲ. ಹೇಳಿದ್ದು ತನಬಾಲನ್‌ಗೆ ಮಾತ್ರ. ಗಿರಾಕಿಗಳ ಫೋನು ತೆಗೆದುಕೊಳ್ಳುವ ಕೆಲಸ ಅವನದು, ಬೈಗುಳ ತಿನ್ನುವವನಿಗೆ ಕಾರಣವಾದರೂ ಗೊತ್ತಿರಲಿ ಎಂದು.

"ಅಂದ್ರೆ ಅಕ್ಕ," ಎಂದ ತನಬಾಲನ್, "ಸಾವು ಮುಂಬಾಗಿಲಿಂದ ಬರೋ ಹಾಗಿಲ್ಲ. ಸಿಂಗಪುರ ಸುತ್ಕೊಂಡು ಹಿತ್ತಿಲ ಬಾಗಿಲಿಂದ ಬರಬಹುದು."

"ಬಾಯ್ಮುಚ್ಕೊಂಡು ಫೋನ್ ತಗೋ."

ತೌಕೆ ಮರುದಿನ ಪರದೆಯ ಮುಂದೆ ನಿಂತು ಬಹಳ ಹೊತ್ತು ನೋಡಿದರು. ಎಲ್ಲೂ ಜೋಡಿ ನಾಲ್ಕು ಇಲ್ಲ. "ಗಾಳಿನೇ ಬೇರೆ ಆಗಿದೆ, ನೋಡು" ಎಂದು ಎದೆ ತುಂಬ ಉಸಿರೆಳೆದುಕೊಂಡರು. ಹವಾನಿಯಂತ್ರಕವನ್ನು ಹಿಂದಿನ ದಿನವಷ್ಟೇ ತೊಳೆಸಿದ್ದರು.

ಬಟರ್‌ವರ್ತಿನ ಕಂಪನಿಯ ಸಂಖ್ಯೆಯ ನಡುವೆ ಎರಡು ನಾಲ್ಕು ಅಕ್ಕಪಕ್ಕ ಕೂತಿದ್ದವು. ಹಾಗಾಗಿ ಈಚೆ ದಡದಿಂದ ಆಚೆ ದಡಕ್ಕೆ ಹೋಗುವುದೆಲ್ಲ ಕಣ್ಣೆದುರಿನ ಕಾಲುವೆ ದಾಟುವುದನ್ನು ಬಿಟ್ಟು ಸಿಂಗಪುರಕ್ಕೆ ಹೋಗಿ ಬರತೊಡಗಿತು. ಹಗಲು ಹೊತ್ತು ಸಿಂಗಪುರದ ದಾರಿಯಲ್ಲಿ ಯಾವಾಗಲೂ ನೂಕುನುಗ್ಗಲು. ಮೊದಲ ಬಿಸಿ ತಟ್ಟಿದ್ದು ಕ್ಯಾಂಪ್‌ಬೆಲ್ ಬೀದಿಯ ದಂತವೈದ್ಯೆಗೆ. ಅವರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವವರು ಬಟರ್‌ವರ್ತಿನಲ್ಲಿದ್ದರು. ಬಾಯಿಯ ಚಿತ್ರಗಳನ್ನು ಅಲ್ಲಿಗೆ ಕಳಿಸಬೇಕಿತ್ತು.

"ರೋಗಿ ಬಾಯಿ ಮುಚ್ಚಿ, ಎದ್ದು, ಮನೆಗೆ ಹೋಗಿ ಗಂಜಿ ಕುಡಿದ್ರೂ ಚಿತ್ರ ಹೋಗಿ ಮುಟ್ಟಿರಲ್ಲ. ಏನ್ರೀ ಮಾರ್ತಿದೀರಿ ನೀವು?" ಎಂದು ಆಕೆ ಫೋನಿನಲ್ಲಿ ಕೂಗಾಡಿದರು.

"ಡಾಕ್ಟರೇ, ಕೋಪ ಮಾಡ್ಕೋಬೇಡಿ. ಅರ್ಜೆಂಟ್ ಇದ್ರೆ ಫೆರಿಲಿ ಯಾರ ಕೈಲಾದ್ರೂ ಕಳಿಸ್ಬಿಡಿ" ಎಂದ ತನಬಾಲನ್. ಅವನು ಅದನ್ನು ತಮಾಷೆಗೆ ಹೇಳಿರಲಿಲ್ಲ. ಆಕೆ ನಿಜಕ್ಕೂ ಹಾಗೇ ಮಾಡಿದರು. ಬೇಗ ಮುಟ್ಟಿತಂತೆ.

ಆಚೆ ದಡದವರೊಬ್ಬರನ್ನಾದರೂ ಜರಡಿಯಿಂದ ಬಿಡೋಣ ಎಂದು ಜುರೈದಾ ಕೇಳಿಕೊಂಡಳು. ತೌಕೆ ಕರುಣೆಯಿಂದ ಕೇಳಿಸಿಕೊಂಡರು. "ಡಾಕ್ಟರಮ್ಮನಿಗೆ ಬಿಲ್ಲಲ್ಲಿ ಸ್ವಲ್ಪ ಕಮ್ಮಿ ಮಾಡು. ನಾಲ್ಕು ಮಾತ್ರ ಒಳಗೆ ಬೇಡ."

ಹೀಗೆ ಒಂದೆರಡು ತಿಂಗಳು ಕಳೆಯಿತು. ಒಂದು ಮಂಗಳವಾರ ಬೆಳಿಗ್ಗೆ ಜುರೈದಾ ಕೆಳಗಿನ ಅಂಗಡಿಯಿಂದ ರೋಟಿ ಚನಾಯ್ ತರಿಸಿಕೊಂಡು ಕಾಗದದ ಪೊಟ್ಟಣ ಬಿಚ್ಚುತ್ತಿದ್ದಳು. ತಂದುಕೊಟ್ಟವನು ಬಾಗಿಲಲ್ಲೇ ನಿಂತು, "ಅಕ್ಕಾ, ಇವತ್ತು ಕೈಗೇ ಕಾಸು ಕೊಡಿ. ಫೋನಲ್ಲಿ ದುಡ್ಡು ಬರ್ತಿಲ್ಲ, ಬೀದಿಲಿ ಯಾರಿಗೂ ಬರ್ತಿಲ್ಲ" ಎಂದ. ಸ್ವಲ್ಪ ಹೊತ್ತಿಗೆ ಪಕ್ಕದ ಬ್ಯಾಂಕಿನ ಮುಂದೆ ಜನ ಗುಂಪುಗೂಡಿದರು. ಪೆಟ್ರೋಲ್ ಬಂಕಿನವರು ಗಾಡಿಗಳು ಒಳಗೆ ಬರದಂತೆ ಹಗ್ಗ ಕಟ್ಟಿದರು. ತನಬಾಲನ್ ಮಾತ್ರ ತನ್ನ ಫೋನನ್ನು ಎತ್ತಿ ಎತ್ತಿ ನೋಡುತ್ತಿದ್ದ.

"ಅಕ್ಕ, ಇದು ಸತ್ತೋಗಿದೆ ಅನ್ಸುತ್ತೆ. ಒಬ್ಬರೂ ಬೈತಿಲ್ಲ."

ಫೋನು ಸತ್ತಿರಲಿಲ್ಲ. ಬೈಯುವುದಕ್ಕೆ ಇವರ ಗಿರಾಕಿಗಳಿಗೆ ಕಾರಣವೇ ಇರಲಿಲ್ಲ. ದೇಶದ ಉತ್ತರದ ಊರುಗಳಲ್ಲಿ ಇವರ ಕಂಪನಿಯೊಂದನ್ನು ಬಿಟ್ಟು ಉಳಿದವರೆಲ್ಲರ ಇಂಟರ್ನೆಟ್ಟು ನಿಂತುಹೋಗಿತ್ತು.

ಜುರೈದಾ ಎಣ್ಣೆಗೈಯಲ್ಲೇ ಪರದೆಯ ಮುಂದೆ ಕೂತಳು. ನೋಡಿದ ಕೂಡಲೇ ತಿಳಿಯಿತು. ಬಟರ್‌ವರ್ತಿನ ಕಂಪನಿ ಬೆಳಿಗ್ಗೆಯಿಂದ ಇಡೀ ಜಗತ್ತನ್ನೇ ಸಾರುತ್ತಿತ್ತು. ಟೋಕಿಯೋಗೋ? ನಮ್ಮ ಮನೆ ಮೇಲೇ ಹೋಗಿ, ಹತ್ತಿರ. ಲಂಡನ್ನಿಗೋ? ನಮ್ಮ ಮನೆ ಮೇಲೇ. ನೆರೆಯವರ ನೇರ ಕೇಬಲ್ಲು ಬಿಟ್ಟಿ ದಾರಿ, ಆದ್ದರಿಂದ ಎಲ್ಲರ ಯಂತ್ರಗಳಿಗೂ ಅದೇ ಮೊದಲ ಆಯ್ಕೆ. ಸಾರಿದ್ದನ್ನು ಎಲ್ಲರೂ ನಂಬಿದ್ದರು. ಹೆದ್ದಾರಿಯ ಲಾರಿಗಳೆಲ್ಲ ಒಟ್ಟಿಗೆ ಒಂದು ಗಲ್ಲಿಗೆ ನುಗ್ಗಿದಂತಾಗಿ ಆ ಪುಟ್ಟ ಕಂಪನಿ ಕುಸಿದು ಕೂತಿತ್ತು, ನಂಬಿದವರನ್ನೂ ಜೊತೆಗೆ ಕೂರಿಸಿಕೊಂಡು. ಇವರ ಯಂತ್ರಕ್ಕೂ ಅದೇ ಡಂಗುರ ಕೇಳಿಸಿತ್ತು. ಆದರೆ ಆ ಸರಪಳಿಗಳೆಲ್ಲ ಬಟರ್‌ವರ್ತಿನ ಸಂಖ್ಯೆಯಿಂದಲೇ ಶುರುವಾಗುತ್ತಿದ್ದವು. ಜೋಡಿ ನಾಲ್ಕು ಕಂಡದ್ದೇ ತಡ, ಜರಡಿ ಒಂದನ್ನೂ ಬಿಡದೆ ಎತ್ತಿ ಎಸೆದಿತ್ತು.

ತಾನು ಎರಡು ವರ್ಷ ಯಾವ ಅನಾಹುತದ ಹೆಸರು ಹೇಳಿ ಬೇಡಿಕೊಂಡಿದ್ದಳೋ ಅದೇ ಅನಾಹುತ ಬಂದು, ಬಾಗಿಲು ತಟ್ಟಿ, ಹಿಂದೆ ಹೋಗಿತ್ತು. ಜುರೈದಾಳಿಗೆ ಸಂತೋಷವಾಗಬೇಕಿತ್ತು. ಅವಳು ಕೈ ಒರೆಸಿಕೊಂಡು ಪೊಟ್ಟಣವನ್ನು ಮತ್ತೆ ಸುತ್ತಿಟ್ಟಳು. ರೋಟಿ ತಣ್ಣಗಾಯಿತು.

ತೌಕೆ ಒಳಗೆ ಬಂದಾಗ ಅವರ ಮುಖ ಚೀನೀ ಹೊಸವರ್ಷದ ಕಿತ್ತಳೆ ಹಣ್ಣಿನ ಹಾಗೆ ಹೊಳೆಯುತ್ತಿತ್ತು.

"ಆಚೆಯವರ ನಂಬರಲ್ಲಿ ಜೋಡಿ ನಾಲ್ಕು ಇತ್ತಾ?"

"ಇತ್ತು ತೌಕೆ. ಆದ್ರೆ..."

"ಅವರು ಹಾಳಾದ್ರಾ?"

"ಆದ್ರು. ಆದ್ರೆ ಅದಕ್ಕೆ ಕಾರಣ..."

"ಅವರನ್ನ ಒಳಗೆ ಬಿಟ್ಕೊಂಡೋರು?"

"ಅವರೂ ಹಾಳಾದ್ರು."

"ಬಿಟ್ಕೊಳ್ದೆ ಇದ್ದ ನಾವು?"

"ಉಳ್ಕೊಂಡ್ವಿ."

"ಇನ್ನೇನಮ್ಮ ಕಾರಣ ಬೇಕು ನಿನಗೆ?"

ಅವಳು ಹೇಳಿದ ಒಂದೊಂದು ಉತ್ತರವೂ ಸತ್ಯವಾಗಿತ್ತು. ಸತ್ಯಗಳನ್ನೆಲ್ಲ ಸಾಲಾಗಿ ಪೋಣಿಸಿದರೆ ಮಾತ್ರ ಸುಳ್ಳಾಗುತ್ತಿತ್ತು. ಆ ಸುಳ್ಳಿನ ಕುತ್ತಿಗೆ ಎಲ್ಲಿ ಹಿಡಿಯಬೇಕು ಎಂದು ಅವಳಿಗೆ ತೋಚಲಿಲ್ಲ.

"ನಾನು ಕೇಳ್ತಿದ್ದ ಜರಡಿ ಹಾಕಿದ್ರೂ ಇದೇ ಕೆಲಸ ಮಾಡ್ತಿತ್ತು ತೌಕೆ. ಡಾಕ್ಟರಮ್ಮನಿಗೂ ತೊಂದರೆ ಆಗ್ತಿರಲಿಲ್ಲ."

"ನಿಂದು ಮಾಡ್ತಿತ್ತು" ಎಂದರು ತೌಕೆ ಮೃದುವಾಗಿ. "ಇದು ಮಾಡ್ತು."

ಅಲ್ಲಿಗೇ ಮುಗಿದಿದ್ದರೆ ಅವಳು ನುಂಗಿಕೊಂಡು ಸುಮ್ಮನಿರುತ್ತಿದ್ದಳೇನೋ. ಎರಡು ದಿನ ಬಿಟ್ಟು ತೌಕೆ ಮತ್ತೆ ಕರೆಸಿದರು. ಹದಿನಾಲ್ಕೂ ಕೆಟ್ಟದ್ದಂತೆ, ಇಪ್ಪತ್ತನಾಲ್ಕೂ ಒಳ್ಳೆಯದಲ್ಲವಂತೆ, ಎಪ್ಪತ್ತನಾಲ್ಕನ್ನಂತೂ ಬಾಯಲ್ಲೂ ಹೇಳಬಾರದಂತೆ. ಅವನ್ನೂ ಜರಡಿಗೆ ಸೇರಿಸಬೇಕು. ಸೇರಿಸುತ್ತ ಹೋದರೆ ಪರದೆಯ ಮೇಲೆ ಉಳಿಯುವುದು ಸಿಂಗಪುರ ಎಂಬ ಒಂದೇ ಹೆಸರು. ಆಮೇಲೆ ಇವರು ಕಂಪನಿ ಅಲ್ಲ, ಸಿಂಗಪುರದವರ ಬಾಲ.

ಆ ಶನಿವಾರ ಜುರೈದಾ ಆಯೆರ್ ಇತಾಮಿಗೆ ಹೋದಳು. ಸಿನ್‌ಸೇ ಫೂ ತಮ್ಮ ಎಂದಿನ ಕಾಫಿ ಅಂಗಡಿ ಬಿಟ್ಟು, ಅವಳಿಗೋಸ್ಕರ ಎದುರಿನ ಮಾಮಕ್, ಅಂದರೆ ಮುಸ್ಲಿಮರ ಹಲಾಲ್ ಅಂಗಡಿಯಲ್ಲಿ ಕೂತು ಕಾಯುತ್ತಿದ್ದರು. ಇಬ್ಬರಿಗೂ ತೆಹ್ ತಾರಿಕ್ ಬಂತು.

"ಬೈಯೋಕೆ ಬಂದಿದೀಯ. ಮೊದಲು ಚಹಾ ಕುಡಿ" ಎಂದರು ಸಿನ್‌ಸೇ.

"ಅವತ್ತು ನೀವು ಒಂದು ಮಾತು ಆಡ್ಲಿಲ್ಲ ಸಿನ್‌ಸೇ. ಚಪ್ಪಲಿ ನೋಡ್ತಾ ನಿಂತ್ರಿ."

"ನಾನು ಹೇಳಿದ್ದು ಕಾರು ನಿಲ್ಲಿಸೋ ಜಾಗದ ವಿಷಯ ತಾಯಿ. ಇಂಟರ್ನೆಟ್ಟಿಗೆ ದಿಕ್ಕಿದೆಯೋ ಇಲ್ವೋ ನನಗೇನು ಗೊತ್ತು? ಅವನೇ ಎತ್ಕೊಂಡು ಹೋಗಿ ಅಲ್ಲಿಗೆ ಅಂಟಿಸಿದ."

"ಹಾಗಂತ ಹೇಳ್ಬಹುದಿತ್ತಲ್ಲ?"

"ಗಿರಾಕಿ ನಮಗಿಂತ ಜಾಸ್ತಿ ನಂಬೋಕೆ ಶುರು ಮಾಡಿದ್ರೆ ಬಾಯಿ ಬಿಡೋದು ಕಷ್ಟ." ಮುದುಕರು ನೊರೆ ಊದಿ ಒಂದು ಗುಟುಕು ಕುಡಿದರು. "ನೀನು ಹೇಳು. ಅವನು ಹೇಳಿದ್ದನ್ನ ಹೇಳಿದ ಹಾಗೇ ಮಾಡಿದ್ಯಾ?"

ಜುರೈದಾ ಲೋಟದ ಕಡೆ ನೋಡಿದಳು.

"ಮಾಡಿರಲ್ಲ. ಮಾಡಿದ್ರೆ ಇಷ್ಟು ಹೊತ್ತಿಗೆ ಅಂಗಡಿ ಮುಚ್ಚಿರ್ತಿತ್ತು. ಅದನ್ನ ಅವನಿಗೆ ಹೇಳಿದ್ಯಾ? ಅದೂ ಇಲ್ಲ. ಮತ್ತೆ ನನ್ನೊಬ್ಬನ ಮೇಲೆ ಯಾಕಮ್ಮ ಕೋಪ?"

ಅವಳಿಗೆ ನಗು ಬಂತು. ತಡೆದುಕೊಂಡಳು. ಕೈಚೀಲದಿಂದ ಪೆನ್ನು ತೆಗೆದು, ಅಂಗಡಿಯವನು ಬಿಲ್ಲು ಗೀಚುವ ಕಾಗದದ ಹಿಂದೆ ತಾನು ಎರಡು ವರ್ಷದಿಂದ ಹಾಕಬೇಕೆಂದಿದ್ದ ನಮೂನೆ ಬರೆದು ತೋರಿಸಿದಳು. ಮೊದಲು ^ ಗುರುತು, ಆಮೇಲೆ ಬಟರ್‌ವರ್ತಿನವರ ಸಂಖ್ಯೆ, ಕೊನೆಗೆ $ ಗುರುತು.

"ಇಷ್ಟೇ ಸಿನ್‌ಸೇ. ಈ ಗುರುತು ಅಂದ್ರೆ ಇಲ್ಲಿಂದ ಶುರು. ಇದು ಅಂದ್ರೆ ಇಲ್ಲಿಗೆ ಮುಗೀತು. ನಡುವೆ ಅವರ ನಂಬರು ಒಂದೇ. ಅವರ ಸ್ವಂತದ್ದು ಒಳಗೆ ಬರುತ್ತೆ, ಅವರು ಬೇರೆಯವರ ಹೆಸರಲ್ಲಿ ಏನು ತಂದ್ರೂ ಬರಲ್ಲ. ನಮ್ಮ ನೆರೆಯವರಿಗೆಲ್ಲ ಹೀಗೊಂದೊಂದು ಹಾಕಿಬಿಟ್ರೆ ಸಾಕು."

ಸಿನ್‌ಸೇ ಕನ್ನಡಕ ಏರಿಸಿ ಕಾಗದವನ್ನು ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು.

"ಮೇಲೆ ಛಾವಣಿ" ಎಂದು ^ ಗುರುತಿನ ಮೇಲೆ ಬೆರಳಿಟ್ಟರು. ಬೆರಳು ಆ ತುದಿಗೆ ಜಾರಿತು. "ಕೊನೆಗೆ ದುಡ್ಡು."

"ಅದು ದುಡ್ಡಲ್ಲ. ಸಾಲಿನ ಕೊನೆ ಅಂತ."

"ಕೊನೇಲಿ ದುಡ್ಡು ಸಿಗದೆ ಹೋದ್ರೆ ಯಾರು ತಾಯಿ ಸಾಲಲ್ಲಿ ನಿಲ್ತಾರೆ?"

"ಸಿನ್‌ಸೇ, ಸುಳ್ಳು ಹೇಳೋದು ಬೇಡ."

"ಒಂದು ಸುಳ್ಳೂ ಹೇಳಲ್ಲ. ನಡುವೆ ಜೋಡಿ ನಾಲ್ಕು ಇದೆಯಲ್ಲ, ಅದು ಈ ಎರಡು ಗುರುತು ದಾಟಿ ಆಚೆ ಈಚೆ ಅಲುಗಾಡುತ್ತಾ?"

"ಅಲುಗಾಡೋ ಹಾಗೇ ಇಲ್ಲ."

"ಕಟ್ಟಿಹಾಕಿದೀಯ ಅಂತಾಯ್ತು. ನಾನು ಅಷ್ಟೇ ಹೇಳೋದು."

ತೌಕೆಗೆ ಅವರು ಅಷ್ಟೇ ಹೇಳಿದರು. ಸೋಮವಾರ ತೌಕೆ ಜುರೈದಾಳನ್ನು ಕರೆಸಿ, ಅವಳೇ ಬರೆದ ನಮೂನೆಯನ್ನು ಅವಳಿಗೇ ಬಿಡಿಸಿ ಹೇಳಿದರು. ಸಾವನ್ನು ಓಡಿಸುವುದಕ್ಕಿಂತ ಕಟ್ಟಿಹಾಕುವುದು ಮೇಲು. ತಲೆಯ ಮೇಲೆ ಛಾವಣಿ ಇರಬೇಕು, ಬುಡದಲ್ಲಿ ದುಡ್ಡು ಇರಬೇಕು. ಇದನ್ನು ನೆರೆಯವರೆಲ್ಲರಿಗೂ ಹಾಕು, ಒಬ್ಬರನ್ನೂ ಬಿಡಬೇಡ. ಒಂದೇ ಬೆಂಚಿನ ಗೆಳೆಯನ ಮಾತು ಅಂದು ಬರಲಿಲ್ಲ. "ದೂರದಿಂದ ಬರೋ ದಾರಿಗಳಲ್ಲಿ ಜೋಡಿ ನಾಲ್ಕು ಇದ್ರೆ?" ಎಂದು ಜುರೈದಾ ಕೇಳಿದಳು. "ದೂರದ ಸಾವಿಗೆ ನಾವು ಯಾಕೆ ಅಳ್ಬೇಕು ಅಂತ ಸಿನ್‌ಸೇ ಕೇಳ್ತಿದ್ರು. ಅದನ್ನ ಬಿಟ್ಬಿಡು" ಎಂದರು ತೌಕೆ.

ಸಂಜೆಯ ಹೊತ್ತಿಗೆ ಹಳೆಯ ಜರಡಿ ಕಿತ್ತು ಹೊಸ ಜರಡಿಗಳು ಕೂತವು. ಡಾಕ್ಟರಮ್ಮನ ಚಿತ್ರಗಳು ಕಾಲುವೆ ದಾಟಿ ನೆಟ್ಟಗೆ ಹೋದವು. ತಿಂಗಳ ಕೊನೆಗೆ ಆಕೆ ಮತ್ತೆ ಫೋನು ಮಾಡಿ ಬೈದರು. ಬಿಲ್ಲಿನಲ್ಲಿ ಕಮ್ಮಿ ಮಾಡಿದ್ದನ್ನು ಯಾಕೆ ತೆಗೆದಿರಿ, ಆಗ ಎಷ್ಟು ಚೆನ್ನಾಗಿ ನಡೆಯುತ್ತಿತ್ತು ಎಂದು.

ಉತ್ತರದ ಕಂಪನಿಗಳೆಲ್ಲ ಸೇರಿ ಆ ಮಂಗಳವಾರದ ಬಗ್ಗೆ ಒಂದು ಸಭೆ ಕರೆದವು. ಮುಳುಗದೆ ಉಳಿದವರು ಒಬ್ಬರೇ ಆದ್ದರಿಂದ ಮಾತಾಡಲು ಜುರೈದಾಳಿಗೇ ಹೇಳಿಕಳಿಸಿದರು. ಅವಳು ಒಪ್ಪಿಕೊಂಡಳು. ಈ ಸಲ ಎಲ್ಲವನ್ನೂ ಹೇಳಿಬಿಡಬೇಕು ಎಂದು ನಿಶ್ಚಯಿಸಿದ್ದಳು: ತಪ್ಪು ಎಲ್ಲಿ ಆಯಿತು, ಯಾರಿಂದ ಆಯಿತು, ನಾವು ಉಳಿದದ್ದು ಜಾಣತನದಿಂದಲ್ಲ, ಕಾಗೆ ಕೂತಾಗ ಕೊಂಬೆ ಮುರಿದದ್ದು ಎಂದು. ನಾಲ್ಕು ಜನರ ಮುಂದೆ ನಿಜ ಹೇಳುವ ಆಸೆ ಅವಳಿಗೆ ಹಸಿವಿನ ಹಾಗೆ ಹತ್ತಿಕೊಂಡಿತ್ತು.

ಸಭೆಗೆ ಮುಂಚೆ ಯೋ ಕೀ ಸೂನ್ ಫೋನು ಮಾಡಿದ. ಕಾಲೇಜಿನಲ್ಲಿ ಅವಳ ಓರಗೆಯವನು, ಈಗ ಬಟರ್‌ವರ್ತಿನ ಕಂಪನಿಯಲ್ಲಿ ಅವಳದೇ ಕೆಲಸ ಮಾಡುವವನು. "ಫೆರಿ ಹತ್ಕೊಂಡು ಬಾ ಜೂ, ಮೀ ಗೊರೆಂಗ್ ತಿನ್ನಿಸ್ತೀನಿ" ಎಂದ. ಅವಳು ಹೋದಳು. ಅವನು ತಟ್ಟೆಯಲ್ಲಿದ್ದ ನೂಡಲ್ಸನ್ನು ಕಲಸುತ್ತಿದ್ದನೇ ಹೊರತು ತಿನ್ನುತ್ತಿರಲಿಲ್ಲ.

"ನಾನೇ ಮಾಡಿದ್ದು" ಎಂದ. "ಹೊರಗೆ ಏನು ಸಾರಬೇಕು ಅನ್ನೋದಕ್ಕೆ ನಮ್ಮಲ್ಲೂ ಜರಡಿ ಇತ್ತು. ಅವತ್ತು ಏನೋ ಬದಲಾಯಿಸ್ತಾ ಅದರ ಹೆಸರಲ್ಲಿ ಒಂದು ಅಕ್ಷರ ತಪ್ಪು ಹೊಡೆದೆ. ಆ ಹೆಸರಿನ ಜರಡಿನೇ ಇಲ್ವಲ್ಲ, ಹಾಗಾದ್ರೆ ಎಲ್ಲಾ ಹೋಗ್ಲಿ ಅಂತ ಯಂತ್ರ ಬಿಟ್ಬಿಡ್ತು."

"ಯಂತ್ರ ಅಲ್ವಾ. ಇಲ್ಲದ್ದನ್ನ ಕೇಳಿದ್ರೆ ಎಲ್ಲಾ ಕೊಡುತ್ತೆ."

"ಕೆಲಸ ಹೋಯ್ತು ಅಂತ ಮೇಜಿನ ಸಾಮಾನೆಲ್ಲ ಚೀಲಕ್ಕೆ ತುಂಬಿದ್ದೆ. ನಮ್ಮ ತೌಕೆ ಕರೆದ್ರು. ನಿಮ್ಮ ತೌಕೆ ಆಗಲೇ ಫೋನ್ ಮಾಡಿ ಹೇಳಿದ್ರಂತೆ, ಎಲ್ಲಾ ಆ ನಂಬರಿನ ದೋಷ ಅಂತ. 'ಪಾಪ, ನೀನೇನು ಮಾಡ್ತೀಯ ಕೀ ಸೂನ್, ಅಂಥ ನಂಬರು ಇಟ್ಕೊಂಡು ಇಷ್ಟು ವರ್ಷ ನಡೆಸಿದ್ದೇ ಹೆಚ್ಚು' ಅಂದ್ರು ನಮ್ಮವರು. ಹೊಸ ನಂಬರಿಗೆ ಅರ್ಜಿ ಹಾಕಿದೀವಿ. ಎಲ್ಲಾ ಬದಲಾಯಿಸೋ ಜವಾಬ್ದಾರಿ ನಂದೇ. ನನ್ನ ಕೈ ಕೆಳಗೆ ಇಬ್ಬರನ್ನ ಬೇರೆ ಕೊಟ್ಟಿದಾರೆ."

ಜುರೈದಾ ನಗಲ್ಲ ಎಂದುಕೊಂಡರೂ ನಕ್ಕಳು. ನಕ್ಕವಳು ನಿಲ್ಲಿಸಲಾರದೆ ಹೋದಳು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಕೀ ಸೂನ್ ಪೆಚ್ಚಾಗಿ ನಗುತ್ತ ಕೂತ.

"ಶುಕ್ರವಾರ ನೀನು ಮಾತಾಡ್ತೀಯಂತೆ" ಎಂದ ಕೊನೆಗೆ. "ಹೇಳ್ಬೇಡ ಅಂತ ಕೇಳೋಕೆ ನನಗೆ ಮುಖ ಇಲ್ಲ. ಹೇಳೋದೇ ಆದ್ರೆ ಹಿಂದಿನ ದಿನ ತಿಳಿಸು, ಅಷ್ಟು ಸಾಕು. ಮನೇಲಿ ನಾನೇ ಮೊದಲು ಹೇಳ್ತೀನಿ."

ಅವಳು ಹಿಂದಿನ ದಿನ ಏನೂ ತಿಳಿಸಲಿಲ್ಲ. ಹೇಳಬೇಕೋ ಬೇಡವೋ ಅವಳಿಗೇ ಗೊತ್ತಿರಲಿಲ್ಲ.

ಶುಕ್ರವಾರ ಹೋಟೆಲಿನ ಸಭಾಂಗಣ ತುಂಬಿತ್ತು. ಜುರೈದಾ ಜರಡಿಯ ಮಾತಷ್ಟನ್ನೇ ಆಡಿದಳು. ನೆರೆಯವರನ್ನು ನಂಬಿ, ಆದರೆ ಅವರ ಮಾತಿಗೆ ಶುರುವಿನ ಗುರುತು, ಕೊನೆಯ ಗುರುತು ಹಾಕಿಕೊಂಡು ನಂಬಿ ಎಂದಳು. ಹಾಕದೆ ಇದ್ದರೆ ಏನಾಗುತ್ತದೆ ಎಂದು ಅಲ್ಲಿದ್ದವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಮುಗಿದ ಮೇಲೆ ಅಲೋರ್ ಸ್ಟಾರಿನಿಂದ ಬಂದವರೊಬ್ಬರು ಎದ್ದು ನಿಂತರು. "ಆಚೆ ದಡದವರ ದಾರಿಗಳನ್ನ ನೀವು ಮುಂಚೇನೇ ತಡೆದಿದ್ರಿ. ನಮಗ್ಯಾರಿಗೂ ಹೊಳೀಲಿಲ್ಲ. ಆ ನಿರ್ಧಾರ ಹೇಗೆ ತಗೊಂಡ್ರಿ?"

ಮುಂದಿನ ಸಾಲಿನಲ್ಲಿ ತೌಕೆ ಖಾವ್ ಬೆನ್ನು ನೆಟ್ಟಗೆ ಮಾಡಿದರು. ಹಿಂದೆ, ಬಾಗಿಲ ಹತ್ತಿರ, ಕೀ ಸೂನ್ ತಲೆ ತಗ್ಗಿಸಿದ. ಜುರೈದಾ ನೀರು ಕುಡಿದಳು. ಇಡೀ ನಿಜ ನಾಲಿಗೆಯ ತುದಿಗೆ ಬಂದು ನಿಂತಿತ್ತು, ಜರಡಿಯ ಮುಂದೆ ನಿಂತ ಸರಪಳಿಯ ಹಾಗೆ.

"ಹಿರಿಯರ ಸಲಹೆ ಮೇಲೆ" ಎಂದಳು.

ಚಪ್ಪಾಳೆ ಬಿತ್ತು. ತೌಕೆ ಎದ್ದು ನಾಲ್ಕೂ ಕಡೆ ತಿರುಗಿ ತಲೆಬಾಗಿದರು. ಆ ತಿಂಗಳು ಮುಗಿಯುವುದರೊಳಗೆ ಉತ್ತರದ ಕಂಪನಿಗಳೆಲ್ಲ ಅದೇ ಜರಡಿ ಹಾಕಿಕೊಂಡವು. ಅವಳ ಮಾತು ಕೇಳಿ ಹಾಕಿಕೊಂಡವರು ಎಷ್ಟು ಮಂದಿ, ಸಿನ್‌ಸೇ ಫೂ ಅವರಿಗೆ ಫೋನು ಮಾಡಿ ಹಾಕಿಕೊಂಡವರು ಎಷ್ಟು ಮಂದಿ ಎಂದು ಅವಳು ವಿಚಾರಿಸಲು ಹೋಗಲಿಲ್ಲ.

ಸಭೆಯ ದಿನ ಊಟದ ಸಾಲಿನಲ್ಲಿ ಕೀ ಸೂನ್ ಅವಳ ಹಿಂದೆ ಬಂದು ನಿಂತ. ಅವನೇ ಅವಳ ತಟ್ಟೆಗೆ ಸೀಗಡಿ ಹಾಕಿದ, ಕೋಳಿ ಹಾಕಿದ, ಮತ್ತೆ ಸೀಗಡಿ ಹಾಕಿದ.

"ಹಿರಿಯರು ಅಂದ್ಯಲ್ಲ, ಯಾವ ಹಿರಿಯರು?" ಎಂದು ಮೆಲ್ಲಗೆ ಕೇಳಿದ.

"ನಿನಗೆ ಯಾರು ಬೇಕೋ ಅವರನ್ನ ಇಟ್ಕೋ. ಆ ಸಾಂಬಾಲ್ ಸ್ವಲ್ಪ ಈ ಕಡೆ ಕೊಡು."

ಬೆಳಿಗ್ಗೆಯಿಂದ ಅವಳು ಏನೂ ತಿಂದಿರಲಿಲ್ಲ. ಕಿಟಕಿಯ ಹತ್ತಿರದ ಮೇಜಿನಲ್ಲಿ ಕೂತು ತಟ್ಟೆ ಖಾಲಿ ಮಾಡಿ, ಎದ್ದು ಹೋಗಿ ಇನ್ನೊಮ್ಮೆ ಬಡಿಸಿಕೊಂಡು ಬಂದಳು.